ಮೂಟೆ ಮಿಸ್ಸಿನ ಬಟ್ಟೆ ಅಕ್ಷರಗಳು

ಈ ಕೆಲಸಕ್ಕೆ ಮೊದಲು ಬೇಕಾದದ್ದು ಮಂಡಿ. ತಾಳ್ಮೆ, ಪ್ರೀತಿ, ತರಬೇತಿಯ ಸರ್ಟಿಫಿಕೇಟು ಎಲ್ಲ ಆಮೇಲೆ. ಎರಡು ಮೂರು ವರ್ಷದ ಮಗುವಿಗೆ ಏನು ಕಲಿಸಬೇಕಾದರೂ ನೆಲಕ್ಕೆ ಇಳಿಯಬೇಕು. ಅದು ಇದ್ದಕ್ಕಿದ್ದಂತೆ ಬಚ್ಚಲಮನೆಯ ಕಡೆ ಓಡಿದರೆ ಅಷ್ಟೇ ಬೇಗ ಏಳಲೂಬೇಕು. ನನ್ನ ಮಂಡಿ ಕೈಕೊಟ್ಟಾಗ ನಾನು ಕೆಲಸ ಬಿಟ್ಟೆ. ಹಾರ, ಶಾಲು ಏನೂ ಇರಲಿಲ್ಲ. ಕೊನೆಯ ಮನೆಯ ಹುಡುಗ ನನ್ನ ಚಪ್ಪಲಿಯೊಂದನ್ನು ಸೋಫಾದ ಕೆಳಗೆ ತಳ್ಳಿದ್ದ, ಅದನ್ನು ಎಳೆದುಕೊಡಲು ಅವರಪ್ಪ ಬಗ್ಗಿದರು. ಬೀಳ್ಕೊಡುಗೆ ಅಂತ ಆದದ್ದು ಅಷ್ಟೇ.

ಈಗ ನನ್ನ ಅಣ್ಣನ ಸೊಸೆ ಸುಧಾ ಇದೇ ಕೆಲಸಕ್ಕೆ ಇಳಿದಿದ್ದಾಳೆ. ಮನೆಮನೆಗೆ ಹೋಗಿ ಪುಟ್ಟ ಮಕ್ಕಳಿಗೆ ಆಟದಲ್ಲಿ, ಕೈಕೆಲಸದಲ್ಲಿ ಅಕ್ಷರ ಕಲಿಸುವವರಿಗೆ ಕೊಯಮತ್ತೂರಿನಲ್ಲಿ ಈಗ ಒಳ್ಳೆಯ ಬೇಡಿಕೆ. ಅವಳ ಹತ್ತಿರ ಬಣ್ಣದ ಕಾರ್ಡುಗಳಿವೆ, ಟ್ಯಾಬ್ ಇದೆ, ಹಿಡಿದರೆ ಹರಿಯದ ಪುಸ್ತಕಗಳಿವೆ. ಮೊನ್ನೆ ಬಂದವಳು, “ನಿಮ್ಮ ಮೆಥಡ್ ಏನು ಅಂತ ಬರೆದುಕೊಡಿ ಚಿಕ್ಕತ್ತೆ” ಅಂದಳು. ನನ್ನ ಹತ್ತಿರ ಮೆಥಡ್ ಇಲ್ಲ, ಎಡವಟ್ಟುಗಳಿವೆ. ಅವನ್ನೇ ಬರೆಯುತ್ತಿದ್ದೇನೆ. ಬೇಕಾದ್ದು ಆರಿಸಿಕೊಳ್ಳಲಿ.

ನಾನು ಹುಟ್ಟಿದ್ದು ಚಾಮರಾಜನಗರದ ಕಡೆ, ಮದುವೆಯಾಗಿ ಬಂದದ್ದು ಕೊಯಮತ್ತೂರಿನ ಸಿಂಗಾನಲ್ಲೂರಿಗೆ. ಗಂಡನ ಮನೆಯವರು ತಲೆಮಾರುಗಳಿಂದ ಇಲ್ಲೇ ಇರುವ ಕನ್ನಡದವರು. ಬಾಯಲ್ಲಿ ಕನ್ನಡ, ಕಣ್ಣಿಗೆ ತಮಿಳು. ಕನ್ನಡ ಓದಲು ಬರುವುದು ಆ ಮನೆಯಲ್ಲಿ ನನಗೊಬ್ಬಳಿಗೇ. ಆದರೆ ನಾನು ಕೆಲಸಕ್ಕೆ ಸೇರಿದ ಶಿಶುಶಾಲೆಯಲ್ಲಿ ಕನ್ನಡಕ್ಕೆ ಜಾಗ ಇರಲಿಲ್ಲ. ಮಿಲ್ಲಿನ ಕೆಲಸಗಾರರ ಮಕ್ಕಳಿಗೆ ತಮಿಳಿನ ಅಆಇಈ, ಇಂಗ್ಲಿಷಿನ ಎಬಿಸಿಡಿ ಅಷ್ಟೇ. ಅಲ್ಲಿ ನಮ್ಮ ಮೇಲೆ ಇದ್ದವರನ್ನು ಎಲ್ಲರೂ ದೊಡ್ಡ ಮಿಸ್ ಅನ್ನುತ್ತಿದ್ದರು. ಗಂಜಿ ಹಾಕಿದ ಹತ್ತಿ ಸೀರೆ, ಕೈಯಲ್ಲಿ ಯಾವಾಗಲೂ ಮರದ ಸ್ಕೇಲು. ಹೊಡೆಯುತ್ತಿರಲಿಲ್ಲ, ಆದರೆ ಮೇಜಿನ ಮೇಲೆ ಅದನ್ನು ಟಪ್ ಅನ್ನಿಸಿದರೆ ಪಕ್ಕದ ತರಗತಿಯ ಮಕ್ಕಳೂ ಕೈಕಟ್ಟಿ ಕೂರುತ್ತಿದ್ದರು. ಪೊಂಗಲ್ ಹಬ್ಬದೊಳಗೆ ಎಲ್ಲ ಅಕ್ಷರ ಮುಗಿಯಬೇಕು, ಅದೊಂದೇ ಅವರ ಶಾಸ್ತ್ರ.

ಸ್ಲೇಟಿನ ಮೇಲೆ ತಿದ್ದಿಸಿ ತಿದ್ದಿಸಿ ನನಗೇ ಬೇಜಾರಾಗಿತ್ತು, ಮಕ್ಕಳ ಪಾಡು ಕೇಳುವುದೇ ಬೇಡ. ಒಂದು ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಪುಡಿಯಿಂದ ತಮಿಳಿನ ಮೊದಲ ಅಕ್ಷರವನ್ನು ಬಸ್ಸು ನಿಲ್ಲುವಷ್ಟು ದೊಡ್ಡದಾಗಿ ಬರೆದು, “ಇದರ ಮೇಲೆ ಓಡಿ” ಅಂದೆ. ಮಕ್ಕಳು ಕೇಕೆ ಹಾಕುತ್ತಾ ಓಡಿದವು. ಅಷ್ಟರಲ್ಲಿ ದೊಡ್ಡ ಮಿಸ್ ಗೇಟಿನಲ್ಲಿ ಕಾಣಿಸಿಕೊಂಡರು. “ಸರಸ್ವತಿಯನ್ನು ಕಾಲಲ್ಲಿ ತುಳಿಸ್ತೀಯಾ?” ಎಂದು ತಮಿಳಿನಲ್ಲಿ ಗುಡುಗಿದರು. ಮಗುವನ್ನು ಬಿಡಲು ಬಂದಿದ್ದ ಇಬ್ಬರು ತಾಯಂದಿರು ಕೆನ್ನೆ ಕೆನ್ನೆ ಬಡಿದುಕೊಂಡರು. ನಾನೇನು ನಾಸ್ತಿಕಳೇ? ಪುಸ್ತಕಕ್ಕೆ ಕಾಲು ತಾಗಿದರೆ ಇವತ್ತಿಗೂ ಕಣ್ಣಿಗೆ ಒತ್ತಿಕೊಳ್ಳುತ್ತೇನೆ. ರಂಗೋಲಿಯ ಉತ್ಸಾಹದಲ್ಲಿ ಅದು ಹೊಳೆದಿರಲಿಲ್ಲ, ಅಷ್ಟೇ.

ಮಾರನೆಯ ದಿನ ಮತ್ತೆ ಅದೇ ಅಕ್ಷರ ಬರೆದೆ. ಈ ಸಲ ಮಕ್ಕಳ ಕೈಗೆ ಬೆಂಕಿಪೊಟ್ಟಣದ ಬಸ್ಸು ಕೊಟ್ಟು, “ಉಕ್ಕಡಂ ಸ್ಟ್ಯಾಂಡ್ ಇಲ್ಲಿ, ಪೊಳ್ಳಾಚಿ ಅಲ್ಲಿ, ದಾರಿ ತಪ್ಪದೆ ಓಡಿಸಿ” ಅಂದೆ. ಮಕ್ಕಳು ಪಕ್ಕದಲ್ಲಿ ಮಂಡಿಯೂರಿ, ಪೋಂ ಪೋಂ ಅನ್ನುತ್ತಾ ಅಕ್ಷರದ ತಿರುವುಗಳಲ್ಲೆಲ್ಲ ಬಸ್ಸು ಓಡಿಸಿದವು. ದೊಡ್ಡ ಮಿಸ್ ಬಹಳ ಹೊತ್ತು ನಿಂತು ನೋಡಿದರು. ಕಾಲಿಟ್ಟರೆ ಪಾಪ, ಬಸ್ಸು ಹೋದರೆ ಪಾಪವಿಲ್ಲ ಎಂದು ಅವರ ಮನಸ್ಸು ತೀರ್ಮಾನ ಮಾಡಿರಬೇಕು. “ನಡುವಿನ ಸ್ಟಾಪಿಂಗ್ ಎಲ್ಲ ಬಿಟ್ಟೆಯಲ್ಲ” ಎಂದು ಹೇಳಿ ಒಳಗೆ ಹೋದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆವತ್ತು.

ಮುಂದೆ ಸ್ಲೇಟು ಹೋಗಿ ವರ್ಕ್‌ಶೀಟ್ ಬಂತು. ದೊಡ್ಡ ಮಿಸ್ ನಿವೃತ್ತರಾದರು. ಶಾಲೆಗಳು ಬಾಗಿಲು ಹಾಕಿದ್ದ ಆ ಎರಡು ವರ್ಷಗಳಲ್ಲಿ ನನ್ನ ಕೆಲಸವೂ ಹೋಯಿತು. ಆಗ ಮನೆಗೇ ಬಂದು ಕಲಿಸುತ್ತೀರಾ ಎಂದು ಕೇಳಿದವರು ಕರ್ನಾಟಕದಿಂದ ಹೊಸದಾಗಿ ಬಂದಿದ್ದ ಜನ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಇರುವವರು, ಗಂಡ ಹೆಂಡತಿ ಇಬ್ಬರೂ ಲ್ಯಾಪ್‌ಟಾಪ್ ಮುಂದೆ, ಮಗು ಮಾತ್ರ ಫೋನಿನ ಮುಂದೆ. ಮಗುವಿಗೆ ನಾಲ್ಕು ಕನ್ನಡ ಅಕ್ಷರ ಬಂದರೆ ಸಾಕು ಅಂತ ಅವರ ಆಸೆ. ನನಗೆ ಹಬ್ಬ. ಇಷ್ಟು ವರ್ಷ ಲಗ್ನಪತ್ರಿಕೆ ಓದಲು ಮಾತ್ರ ಬಳಸಿದ್ದ ಕನ್ನಡ ಹೊಟ್ಟೆಪಾಡಿಗೂ ಬಂತಲ್ಲ ಅನ್ನಿಸಿತು.

ಅಂಥ ಒಂದು ಮನೆಯಲ್ಲಿ ಮೈಸೂರಿನವರ ಹುಡುಗನೊಬ್ಬ. ‘ಇ’ ಕಲಿಸುವ ವಾರ. ಇ ಅಂದರೆ ಇರುವೆ. ಹೊಸದೇನಾದರೂ ಮಾಡೋಣವೆಂದು ಪೊಳ್ಳಾಚಿ ಬೆಲ್ಲ ಕರಗಿಸಿ ಪಾಕ ಒಯ್ದೆ. ರಟ್ಟಿನ ಮೇಲೆ ಬೆರಳಿನಿಂದ ದೊಡ್ಡ ‘ಇ’ ಬರೆಸಿದೆ. ಅರ್ಧ ಪಾಕ ರಟ್ಟಿಗೆ ಹೋಯಿತು, ಅರ್ಧ ಹುಡುಗನ ಹೊಟ್ಟೆಗೆ. ಒಣಗಲಿ ಎಂದು ಗೋಡೆಗೆ ಅಂಟಿಸಿ ಬಂದೆ. ಮರುದಿನ ಬೆಳಿಗ್ಗೆ ಅವನ ತಾಯಿ ಫೋನ್ ಮಾಡಿದಳು. “ಮೇಡಂ, ನಿಮ್ಮ ಅಕ್ಷರ ನಡೀತಾ ಇದೆ.” ಹೋಗಿ ನೋಡಿದರೆ ಇರುವೆಗಳು ‘ಇ’ಯ ಒಂದು ಗೆರೆಯೂ ಬಿಡದೆ ತುಂಬಿಕೊಂಡು, ಅಲ್ಲಿಂದ ಸಾಲಾಗಿ ಗೋಡೆ ಇಳಿದು ಮಂಚ ಹತ್ತಿದ್ದವು. ಮನೆಯ ಓನರ್ ಸೀಮೆಸುಣ್ಣದ ಹಾಗೆ ಬಿಳಿಚಿಕೊಂಡು ನಿಂತಿದ್ದರು. ಹುಡುಗನ ಸಂಭ್ರಮ ಹೇಳತೀರದು. ಅವನು ಬೇರೆ ಎಲ್ಲ ಅಕ್ಷರ ಮರೆತಿರಬಹುದು, ‘ಇ’ ಮರೆಯಲು ಸಾಧ್ಯವಿಲ್ಲ. ಸುಧಾ, ಆದರೂ ನೀನು ಬೆಲ್ಲ ಮುಟ್ಟಬೇಡ.

ಹುಣಸೆಬೀಜವನ್ನೂ ಮುಟ್ಟಬೇಡ. ತಿರುಪ್ಪೂರಿನಲ್ಲಿ ನನ್ನ ನಾದಿನಿಯ ಮನೆಯ ಹತ್ತಿರ ಸ್ವಲ್ಪ ಕಾಲ ಪಾಠ ಮಾಡಿದೆ. ಮೈದಾ ಅಂಟು ಬಳಿದು ಅದರ ಮೇಲೆ ಹುಣಸೆಬೀಜ ಜೋಡಿಸಿ ಅಕ್ಷರ ಮಾಡಿಸುತ್ತಿದ್ದೆ. ನೋಡಲು ಬಲು ಚಂದ. ಒಂದು ದಿನ ಒಂದು ಬೀಜ ಕಡಿಮೆ ಬಿತ್ತು. ಮಗು ಮೂಗು ಮುಟ್ಟಿ ನಗುತ್ತಿತ್ತು. ಡಾಕ್ಟರು ಅದನ್ನು ತೆಗೆಯುವಷ್ಟರಲ್ಲಿ ನನ್ನ ಜೀವ ಅರ್ಧ ಆಗಿತ್ತು. ಮಗುವಿನ ಮುಷ್ಟಿಯೊಳಗೆ ಅಡಗುವ ಯಾವ ವಸ್ತುವೂ ನನ್ನ ಚೀಲದಲ್ಲಿ ಇರಕೂಡದು ಎಂದು ಆವತ್ತು ನಿರ್ಧಾರ ಮಾಡಿದೆ.

ನಾದಿನಿ ಬನಿಯನ್ ಕಂಪನಿಯಲ್ಲಿ ಹೊಲಿಗೆ ಮಾಡುವವಳು. ನನ್ನ ಮುಖ ನೋಡಲಾರದೆ ಒಂದು ಮೂಟೆ ಕಟಿಂಗ್ ವೇಸ್ಟ್ ತಂದು ಸುರಿದಳು. ಬನಿಯನ್ ಬಟ್ಟೆ ಕತ್ತರಿಸಿದಾಗ ಉಳಿಯುವ ತುಂಡುಗಳು. ಮೆತ್ತಗೆ ಇರುತ್ತವೆ, ಎಳೆದರೆ ಹಿಗ್ಗುತ್ತವೆ, ಎಲ್ಲ ಬಣ್ಣಗಳೂ ಸಿಗುತ್ತವೆ. ದೊಡ್ಡ ತುಂಡುಗಳಿಂದ ಅಕ್ಷರ ಹೊಲಿದು, ಸಣ್ಣ ತುಂಡುಗಳನ್ನು ಒಳಗೆ ತುರುಕಿದೆವು. ತಲೆದಿಂಬಿನಷ್ಟು ದೊಡ್ಡ ಅಕ್ಷರಗಳು. ತಬ್ಬಿಕೊಂಡು ಮಲಗಬಹುದು, ಎಸೆಯಬಹುದು, ಕಚ್ಚಬಹುದು, ಒಗೆಯಲೂಬಹುದು. ಕನ್ನಡದವು ಒಂದು ಮೂಟೆ, ತಮಿಳಿನವು ಒಂದು, ಇಂಗ್ಲಿಷಿನವು ಒಂದು. ಮಕ್ಕಳು ನನ್ನನ್ನು ಮೂಟೆ ಮಿಸ್ ಅಂತ ಕರೆಯತೊಡಗಿದವು. ಬಸ್ಸಿನಲ್ಲಿ ಕಂಡಕ್ಟರ್ “ಮೂಟೇಲಿ ಏನಕ್ಕಾ?” ಅಂದರೆ “ಎಬಿಸಿಡಿ” ಅನ್ನುತ್ತಿದ್ದೆ. ಒಬ್ಬ ಪುಣ್ಯಾತ್ಮ ನಂಬದೆ ಬಿಚ್ಚಿಸಿ ನೋಡಿದ. ಅವನ ಹೆಸರಿನ ಮೊದಲ ಅಕ್ಷರವನ್ನು ಕೈಗೆ ಕೊಟ್ಟೆ, ಟಿಕೆಟ್ ಹರಿಯುತ್ತಾ ಸ್ವಲ್ಪ ದೂರ ಅದನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ.

ಈಗ ತಾರಿಣಿ ಎಂಬ ಮಗುವಿನ ವಿಷಯ. ಸುಧಾ, ಇದನ್ನು ಸ್ವಲ್ಪ ನಿಧಾನವಾಗಿ ಓದು.

ಉಕ್ಕಡದಲ್ಲಿ ಪೊಳ್ಳಾಚಿ ಬಸ್ಸು ಹತ್ತಿ, ಊರಿಗೆ ಸ್ವಲ್ಪ ಮೊದಲೇ ಇಳಿದರೆ ತೆಂಗಿನ ತೋಟದ ಅಂಚಿನಲ್ಲಿ ಅವರ ಮನೆ. ಮಗುವಿನ ತಂದೆ ಶಿವಕುಮಾರ್ ಅಲ್ಲಿಯ ಹಳೆಯ ಕನ್ನಡ ಕುಟುಂಬದವನು, ತೆಂಗಿನ ನಾರಿನ ವ್ಯಾಪಾರ. ತಾಯಿ ಅಶ್ವಿನಿ ದಾವಣಗೆರೆಯವಳು, ಓದಲು ಕೊಯಮತ್ತೂರಿಗೆ ಬಂದು ಇವನನ್ನೇ ಮೆಚ್ಚಿ ಮದುವೆಯಾದಳು. ಪಂಪು ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್. ಬೆಳಿಗ್ಗೆ ಹೋದರೆ ಸಂಜೆ ಬರುವವಳು. ಹಗಲು ಮಗುವನ್ನು ನೋಡಿಕೊಳ್ಳುವವರು ಶಿವಕುಮಾರನ ತಾಯಿ ರಂಗಮ್ಮ.

ಮಗುವಿಗೆ ಮೂರು ತುಂಬಲು ಬಂದಿತ್ತು. ಮಾತು ಬಂದಿರಲಿಲ್ಲ. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿತ್ತು, ಹೇಳಿದ್ದು ತಿಳಿಯುತ್ತಿತ್ತು, ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ. ಮೊದಲ ದಿನ ನಾನು ಕೇಳಿದ್ದು, “ಕಿವಿ ತೋರಿಸಿದ್ದೀರಾ?” ಎಂದು. ತೋರಿಸಿದ್ದರು, ಕಿವಿ ಚೆನ್ನಾಗಿತ್ತು. ಸುಧಾ, ನೀನೂ ಮೊದಲು ಇದನ್ನೇ ಕೇಳು.

“ಪ್ರಾಬ್ಲಂ ಏನಂದ್ರೆ ಮೇಡಂ,” ಅಂದಳು ಅಶ್ವಿನಿ, “ಮನೇಲಿ ಭಾಷೆ ಜಾಸ್ತಿ ಆಗೇತಿ. ನಂದೊಂದು ಕನ್ನಡ, ಅತ್ತೆದೊಂದು ಕನ್ನಡ, ಹೊರಗೆ ತಮಿಳು. ಮಗು ಕನ್‌ಫ್ಯೂಸ್ ಆಗ್ತದೆ, ಬರೀ ಇಂಗ್ಲಿಷ್ ಮಾತಾಡ್ರಿ ಅಂತ ಸ್ಕೂಲ್ ಅಡ್ಮಿಷನ್‌ಗೆ ಹೋದಾಗ ಹೇಳಿದ್ರು. ಅದಕ್ಕೇ ನಾವು ಎಲ್ಲಾ ನಿಲ್ಲಿಸಿಬಿಟ್ಟೀವಿ. ನೀವೂ ಇಂಗ್ಲಿಷ್ ಅಕ್ಷರನೇ ಕಲಿಸ್ರಿ.”

“ಅಜ್ಜಿಗೆ ಇಂಗ್ಲಿಷ್ ಬರುತ್ತಾ?”

ಅಶ್ವಿನಿ ತಲೆ ತಗ್ಗಿಸಿದಳು. “ಅವರು ಮಗು ಮುಂದೆ ಮಾತಾಡಲ್ಲ ಅಂತ ಒಪ್ಕೊಂಡಾರ.”

ಅವಳ ಮೇಲೆ ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಆಮೇಲೆ ಅವಳೇ ಹೇಳಿಕೊಂಡಳು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು, ಕಾಲೇಜಿನಲ್ಲಿ ಬಾಯಿ ತೆರೆದರೆ ಹಿಂದಿನ ಬೆಂಚಿನವರು ನಗುತ್ತಿದ್ದರಂತೆ. ಹಾಗಾಗಿ ಒಂದು ವರ್ಷ ಕ್ಲಾಸಿನಲ್ಲಿ ಮಾತೇ ಆಡಲಿಲ್ಲವಂತೆ. ಮಗಳು ಮೂಕಿಯಾಗಿಬಿಟ್ಟರೆ ಎಂಬ ಹೆದರಿಕೆಯಲ್ಲಿ ಯಾರು ಏನು ಹೇಳಿದರೂ ಮಾಡುವ ಸ್ಥಿತಿ ಅವಳದು. ಹರಕೆ ಹೊತ್ತಿದ್ದಳು, ಕಪ್ಪೆಚಿಪ್ಪಿನಲ್ಲಿ ಬಜೆ ತೇಯ್ದು ನಾಲಿಗೆಗೆ ಸವರಿದ್ದಳು. ಅತ್ತೆಯ ಬಾಯಿಗೆ ಬೀಗ ಹಾಕಿದ್ದೂ ಅದೇ ಸಾಲಿನಲ್ಲಿ ಇನ್ನೊಂದು ಔಷಧಿ.

ರಂಗಮ್ಮ ಕೊಟ್ಟ ಮಾತಿಗೆ ತಪ್ಪದ ಹೆಂಗಸು. ಮಗುವಿಗೆ ಸ್ನಾನ ಮಾಡಿಸುವಾಗ, ತಲೆ ಬಾಚುವಾಗ, ತುತ್ತಿಡುವಾಗ ತುಟಿ ಎರಡು ಮಾಡುತ್ತಿರಲಿಲ್ಲ. ನಾನು ಹೋದರೆ ಒಂದು ಲೋಟ ಮಜ್ಜಿಗೆ ಇಟ್ಟು, ಬಾಗಿಲ ಹತ್ತಿರ ಕೂತು ಸಣ್ಣ ಈರುಳ್ಳಿ ಸುಲಿಯುತ್ತಿದ್ದರು. ಈ ಮುದುಕಿಗೂ ಮಾತು ಬರುವುದಿಲ್ಲವೇನೋ ಎಂದು ಹೊಸಬರು ಅಂದುಕೊಳ್ಳಬೇಕು, ಹಾಗೆ. ಒಮ್ಮೆ ಮಗು ಎಡವಿ ಬಿದ್ದು ಹೋ ಎಂದು ಅತ್ತಿತು. ಎತ್ತಿ ಎದೆಗೊತ್ತಿಕೊಂಡ ರಂಗಮ್ಮ ಅದರ ಬೆನ್ನು ತಟ್ಟಿದರು, ತಟ್ಟಿದರು, ಒಂದು “ಅಯ್ಯೋ” ಕೂಡ ಅನ್ನಲಿಲ್ಲ. ಅವರ ಗಂಟಲು ಮೇಲೆ ಕೆಳಗೆ ಆಡುವುದು ನನಗೆ ಕಾಣುತ್ತಿತ್ತು. ಹೀಗೇ ನಡೆದರೆ ಈ ಮಗುವಿಗೆ ಮಾತು ಬರುವುದು ಹಾಗಿರಲಿ, ಅಜ್ಜಿ ಎಂಬ ಮನುಷ್ಯಳೊಬ್ಬಳು ಇದ್ದದ್ದೇ ತಿಳಿಯುವುದಿಲ್ಲ ಅನ್ನಿಸಿತು.

ಅಶ್ವಿನಿಗೆ ಹೇಳಿದೆ. “ಸಿಂಗಾನಲ್ಲೂರಿನ ಮಕ್ಕಳೆಲ್ಲ ತೆಲುಗು, ತಮಿಳು, ಕನ್ನಡ ಕಲಸಿಕೊಂಡೇ ಬೆಳೆದವು. ಯಾರೂ ಮೂಕರಾಗಲಿಲ್ಲ” ಅಂದೆ. “ಅವು ಬೇರೆ ಮಕ್ಕಳು ಮೇಡಂ” ಅಂದಳು. ಹೆದರಿದವರ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಸಂಬಳ ಕೊಡುವವರು ಅವರು, ಇಂಗ್ಲಿಷ್ ಮೂಟೆ ಹೊತ್ತುಕೊಂಡು ಹೋಗುತ್ತಾ ಇದ್ದೆ. ಎ, ಬಿ ಎರಡೂ ಮಗುವಿಗೆ ಬೇಡವಾಗಿದ್ದವು. ಅವನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಹತ್ತಿ, ಹಿಂಬದಿಯ ಕಿಟಕಿಯ ಕಂಬಿ ಹಿಡಿದು ನಿಲ್ಲುತ್ತಿತ್ತು. ಕಾಗೆಯನ್ನು ನೋಡುತ್ತಿದೆ ಅಂದುಕೊಂಡೆ. ಅಕ್ಷರಗಳು ಮೆಟ್ಟಿಲಿಗಾದರೂ ಆದವಲ್ಲ ಎಂದು ಸುಮ್ಮನಿದ್ದೆ.

ಒಂದು ದಿನ ಬೇಗ ತಲುಪಿದೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದರೆ ಆ ಕಿಟಕಿಯ ಎದುರಿನ ಕೊಟ್ಟಿಗೆಯಲ್ಲಿ ಯಾರೋ ಒಂದೇ ಸಮನೆ ಮಾತಾಡುತ್ತಿದ್ದರು. ನೆಂಟರು ಬಂದಿರಬೇಕು ಎಂದು ಇಣುಕಿದೆ. ರಂಗಮ್ಮ ಒಬ್ಬರೇ. ಎದುರಿಗೆ ಗೂಟಕ್ಕೆ ಕಟ್ಟಿದ ಒಂದು ಕರು. ಕಾಂಗೇಯಂ ತಳಿಯ ಹಸು ಅವರದು, ತೋಟಕ್ಕೆ ಮೇಯಲು ಹೋಗಿತ್ತು. ಕರು ಮುಖ ತಿರುಗಿಸಿ ಹುಲ್ಲು ಮುಟ್ಟದೆ ನಿಂತಿತ್ತು.

“ತಿನ್ನು ಸಾಮಿ. ಯಾಕೆ ಕೋಪ? ಅವ್ವ ಮೇಯಕ್ಕೆ ಹೋಗವಳೆ, ಸಂಜೆಗೆ ಬತ್ತಾಳೆ. ಅಲ್ಲೀಗಂಟ ನಾನಿಲ್ವಾ? ಹಂಗೆಲ್ಲಾ ಅಳಬಾರ್ದು ಕಣ್ಣು. ನೋಡು, ಕಾಕಾ ಬಂತು, ನಿನ್ನ ಸಾಪಾಡು ಎತ್ಕಂಡೋಯ್ತದೆ. ತಿನ್ನು, ನನ್ನ ತಂಗಂ ಅಲ್ವಾ ನೀನು.”

ಮುದ್ದಿಗೆ ಕರೆಯುವ ತಮಿಳಿನ ಕಣ್ಣು, ತಂಗಂ ಎಲ್ಲ ಬೆರೆತ ಆ ಕನ್ನಡದ ಮಾತಿಗೆ ತಡೆಯೇ ಇರಲಿಲ್ಲ. ನಿನ್ನೆ ಕನಸಿನಲ್ಲಿ ಏನು ಕಂಡೆ, ತಾನು ಚಿಕ್ಕವಳಿದ್ದಾಗ ಬಾವಿಯಲ್ಲಿ ಹೇಗೆ ಈಜುತ್ತಿದ್ದೆ, ಎಲ್ಲ ಆ ಕರುವಿಗೆ ಹೇಳುತ್ತಿದ್ದರು. ನನ್ನನ್ನು ಕಂಡವರೇ ಸೆರಗಿನಿಂದ ಬಾಯಿ ಒರೆಸಿಕೊಂಡರು. “ಮಗು ಮುಂದೆ ಅಲ್ಲ ಟೀಚರಮ್ಮ,” ಅಂದರು, “ಮಾಡು ಮುಂದೆ ತಾನೇ. ಮಾಡು ಹತ್ರ ಮಾತಾಡಬೇಡ ಅಂತ ಅಶ್ವಿನಿ ಹೇಳಿಲ್ಲ.” ಮಾಡು ಅಂದರೆ ತಮಿಳಿನಲ್ಲಿ ದನ. ನಾನು ನಗಲೂ ಆರದೆ ಅಳಲೂ ಆರದೆ ಕಾಲು ತೊಳೆದುಕೊಂಡು ಒಳಗೆ ಬಂದೆ.

ಮುಂದಿನ ವಾರ ‘ಸಿ’. ಅಶ್ವಿನಿ ಆವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು, ಪಕ್ಕದ ಕೋಣೆಯಲ್ಲಿ. ನಾನು ಕಂದು ಬಣ್ಣದ ಬನಿಯನ್ ಬಟ್ಟೆಯ ‘ಸಿ’ ತೆಗೆದು, “ಸಿ, ಸಿ ಫಾರ್ ಕೌ, ಅಂಬಾ” ಅಂದೆ. ತಾರಿಣಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಿರುಗಿಸಿ, ಬಾಯಿ ಮೇಲಾಗುವ ಹಾಗೆ ನೆಲದ ಮೇಲೆ ಇಟ್ಟಳು. “ಹಾಗಲ್ಲ ಕಣ್ಣು” ಎಂದು ನಾನು ನೆಟ್ಟಗೆ ಮಾಡಿದೆ. ಮತ್ತೆ ಮೇಲೆ ತಿರುಗಿಸಿದಳು. ಮತ್ತೆ ನಾನು ನೆಟ್ಟಗೆ ಮಾಡಿದೆ. ಮೂರನೆಯ ಸಲ ನನ್ನ ಕೈಯನ್ನು ಪಟ್ ಅಂತ ತಳ್ಳಿಬಿಟ್ಟಳು. ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಅದು ಅಕ್ಷರವಲ್ಲ, ಕೊಂಬು. ಕಾಂಗೇಯಂ ಹಸುವಿನ ಕೊಂಬು ಹಾಗೇ ತಾನೇ ಮೇಲಕ್ಕೆ ಬಾಗುವುದು.

ಅಡ್ಡ ಬರದೆ ಕೂತೆ. ಮಗು ಮೂಲೆಯಲ್ಲಿದ್ದ ತೆಂಗಿನ ನಾರನ್ನು ಒಂದು ಹಿಡಿ ತಂದು ಆ ‘ಸಿ’ಯ ಮುಂದೆ ಹಾಕಿತು. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅದರ ಕತ್ತು ಸವರಿತು.

“ತಿನ್ನು ತಾಮಿ.”

ನಾನು ಮುಂದಕ್ಕೆ ಬಗ್ಗಿದೆ.

“ಅವ್ವ... ತಂಜೆ ಬತ್ತಾಲೆ,” ಅಂತು ಮಗು. ಪದಗಳು ಇನ್ನೂ ಹಸಿ, ನಡುನಡುವೆ ಮುರಿಯುತ್ತಿದ್ದವು. ರಾಗ ಮಾತ್ರ ರಂಗಮ್ಮನದೇ, ಕೊನೆಯಲ್ಲಿ ಎಳೆಯುವುದೂ ಅವರದೇ. “ಅಲಬಾದು. ನಾನಿಲ್ವಾ?”

ಬಾಗಿಲಲ್ಲಿ ಅಶ್ವಿನಿ ನಿಂತಿದ್ದಳು, ಕಿವಿಯಲ್ಲಿದ್ದ ಇಯರ್‌ಫೋನು ಕೈಗೆ ಬಂದಿತ್ತು. ಅವಳು ಮಗಳ ಮೊದಲ ಮಾತು ಕೇಳಿದ್ದು ಹಾಗೆ. ಅವ್ವ ಸಂಜೆಗೆ ಬರುತ್ತಾಳೆ, ನಾನಿಲ್ಲವೇ ಎಂದು ಇಷ್ಟು ದಿನ ಆ ಮನೆಯಲ್ಲಿ ಯಾರು ಯಾರಿಗೆ ಹೇಳಬೇಕಾಗಿತ್ತು ಎಂದು ಅವಳಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಬಾಗಿಲಿಗೆ ಒರಗಿ ಅಳತೊಡಗಿದಳು. ನನಗೂ ಅಳು ಬಂತು.

ಹಿಂದಿನ ಕಿಟಕಿಯ ಆಚೆ, ಕೊಟ್ಟಿಗೆಯ ಕಡೆಯಿಂದ ರಂಗಮ್ಮನ ಮುಖ ಕಾಣಿಸಿತು. ಅವರಿಗೂ ಕೇಳಿಸಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಮೊಮ್ಮಗಳು ಮಾತಾಡಿದ್ದಾಳೆ, ಆದರೂ ಅವರು ಉತ್ತರ ಕೊಡಲಿಲ್ಲ. ಕೊಟ್ಟ ಮಾತು ಅಡ್ಡ ನಿಂತಿತ್ತು. ಸೊಸೆಯನ್ನೇ ನೋಡುತ್ತಿದ್ದರು.

“ಅತ್ತೆ, ಮಾತಾಡ್ರಿ,” ಅಂದಳು ಅಶ್ವಿನಿ.

ರಂಗಮ್ಮ ಕೈ ತೆಗೆದರು. ಕಿಟಕಿಯ ಹತ್ತಿರ ಬಂದು ಕೇಳಿದರು.

“ಯಾವ ಬಾಷೇಲಿ ಕಣ್ಣು?”

“ಕರು ಹತ್ರ ಮಾತಾಡ್ತೀರಲ್ಲ ಅತ್ತೆ,” ಅಂದಳು ಅಶ್ವಿನಿ, “ಅದರಾಗೇ.”

ರಂಗಮ್ಮ ಕಂಬಿಯ ನಡುವೆ ಕೈ ತೂರಿಸಿದರು. ತಾರಿಣಿ ಒಂದಿಷ್ಟು ನಾರು ಎತ್ತಿಕೊಂಡು ಎದ್ದು, ಎ ಬಿ ಎರಡನ್ನೂ ಎಳೆದು ತಂದು ಪೇರಿಸಿ, ಮೇಲೆ ಹತ್ತಿ, ಕೈಯಲ್ಲಿದ್ದ ನಾರನ್ನು ಅಜ್ಜಿಯ ಬಾಯಿಗೆ ಹಿಡಿದಳು. “ಅಯ್ಯೋ ನನ್ನ ಸಾಮಿ, ನಾನು ತಿಂದಾಯ್ತು, ನೀನು ತಿಂದ್ಯಾ?” ಎಂದು ಶುರುಮಾಡಿದವರು ಮತ್ತೆ ನಿಲ್ಲಿಸಲಿಲ್ಲ.

ನಾನು ಮಂಡಿ ಹಿಡಿದುಕೊಂಡು ಎದ್ದು ಮೂಟೆ ಕಟ್ಟಿದೆ. ಎ, ಬಿ ಮಗುವಿನ ಕಾಲಡಿ ಇದ್ದವು, ಅವನ್ನು ಕೇಳಲಿಲ್ಲ. ಸರಸ್ವತಿ ಕ್ಷಮಿಸಲಿ. ‘ಸಿ’ಯನ್ನೂ ಮೂಲೆಯಲ್ಲೇ ಬಿಟ್ಟು ಬಂದೆ. ಅದು ಇನ್ನೂ ಮೇಯುತ್ತಿತ್ತು.